ಓದಿದವರಿಗೂ ಕೂಲಿ

ಏಡಿಗಳ ಬುಟ್ಟಿಯ ಕಥೆ ನಮ್ಮಲ್ಲಿ ಕೇಳದವರಿಲ್ಲ. ಬುಟ್ಟಿಗೆ ಯಾಕಪ್ಪಾ ಮುಚ್ಚಳ ಹಾಕಿಲ್ಲ ಎಂದು ಒಬ್ಬ ಕೇಳುತ್ತಾನೆ. ಒಂದು ಮೇಲೆ ಹತ್ತಿದರೆ ಉಳಿದವು ಕಾಲು ಹಿಡಿದು ಎಳೆದುಕೊಳ್ಳುತ್ತವೆ, ಮುಚ್ಚಳದ ಖರ್ಚು ಯಾಕೆ ಎಂದು ಏಡಿಯವನು ಹೇಳುತ್ತಾನೆ. ರಾಜ್ಯೋತ್ಸವದ ಭಾಷಣಗಳಲ್ಲಿ ನಮ್ಮನ್ನು ನಾವೇ ಬೈದುಕೊಳ್ಳಲು ಈ ಕಥೆ ಬಹಳ ವರ್ಷ ದುಡಿದಿದೆ. ಅದೇ ಕಥೆ 2016ರಲ್ಲಿ ಅಮೆರಿಕದ ಒಂದು ತಾಂತ್ರಿಕ ದಾಖಲೆಯಲ್ಲಿ ಕಾಣಿಸಿಕೊಂಡಿತು. ಬೈಗುಳವಾಗಿ ಅಲ್ಲ, ಯೋಜನೆಯ ಅಡಿಪಾಯವಾಗಿ.

ಆ ದಾಖಲೆ 'ಸ್ಟೀಮ್' ಎಂಬ ಬ್ಲಾಕ್‌ಚೈನಿನದು. ನೆಡ್ ಸ್ಕಾಟ್ ಮತ್ತು ಡ್ಯಾನ್ ಲ್ಯಾರಿಮರ್ ಎಂಬಿಬ್ಬರು ಹುಟ್ಟುಹಾಕಿದ ಈ ವ್ಯವಸ್ಥೆಯ ವಾದ ಸರಳವಾಗಿತ್ತು. ಸಾರ್ವಜನಿಕ ಹುಂಡಿಯೊಂದನ್ನು ಇಟ್ಟು, ಜನರೇ ಮತ ಹಾಕಿ ಹಂಚಿಕೊಳ್ಳಿ ಎಂದರೆ ಕೆಲವರು ತಮ್ಮ ಜೇಬಿಗೇ ತುಂಬಿಕೊಳ್ಳಲು ನೋಡುತ್ತಾರೆ. ಅದನ್ನು ಪೂರ್ತಿ ತಡೆಯಲು ಹೊರಟರೆ ಬುಟ್ಟಿಗೆ ಹೊಸ ಏಡಿಗಳೂ ಬರಲಾರವು. ಗೋಡೆ ಜಾರುವಂತಿರಲಿ, ಒಂದನ್ನೊಂದು ಎಳೆಯುವಷ್ಟು ಬಲ ಏಡಿಗಳಿಗಿರಲಿ, ಅಷ್ಟೇ ಸಾಕು. ಕಾಲೆಳೆಯುವುದು ನಮ್ಮಲ್ಲಿ ದುರ್ಗುಣ. ಅಲ್ಲಿ ಅದು ಕಾವಲುಗಾರಿಕೆ.

2016ರ ಮಾರ್ಚ್‌ನಲ್ಲಿ ಶುರುವಾದ ಸ್ಟೀಮ್, ಅದರ ಮೇಲೆ ನಿಂತ ಸ್ಟೀಮಿಟ್ ಎಂಬ ಜಾಲತಾಣ, ಆಮೇಲೆ 2020ರಲ್ಲಿ ಅದರಿಂದ ಸಿಡಿದು ಬೇರೆಯಾದ ಹೈವ್ – ಇವುಗಳ ಹಣದ ಕಥೆ, ಜಗಳದ ಕಥೆ ಬೇಕಾದಷ್ಟು ಬರೆಯಲ್ಪಟ್ಟಿವೆ. ನನಗೆ ಅವುಗಳಿಗಿಂತ ಕುತೂಹಲ ಹುಟ್ಟಿಸಿದ್ದು ಇನ್ನೊಂದು ಸಂಗತಿ. ಒಳ್ಳೆಯ ಬರಹವನ್ನು ಆರಿಸುವ ಕೆಲಸವನ್ನು ಸಂಪಾದಕರ ಕೈಯಿಂದ ಕಿತ್ತುಕೊಂಡು ಗಣಿತಕ್ಕೆ ಒಪ್ಪಿಸಿದ ಮೊದಲ ದೊಡ್ಡ ಪ್ರಯೋಗಗಳಲ್ಲಿ ಇದೂ ಒಂದು. ಆ ಗಣಿತ ಏನು ಮಾಡಿತು, ಅದರೊಳಗೇ ಕೂತು ಕೆಲವರು ಏನು ಮಾಡಿದರು ಎಂಬುದನ್ನು ಕೊಂಚ ಬಿಡಿಸಿ ನೋಡಬೇಕು.

ಎಕರೆ ಲೆಕ್ಕದ ಮತ

ಬ್ಲಾಕ್‌ಚೈನ್ ಎಂದರೆ ಎಲ್ಲರ ಬಳಿಯೂ ಒಂದೊಂದು ಪ್ರತಿ ಇರುವ ಲೆಕ್ಕದ ಪುಸ್ತಕ. ಸ್ಟೀಮ್‌ನಲ್ಲಿ ಮೂರು ಸೆಕೆಂಡಿಗೊಂದು ಪುಟ ಸೇರುತ್ತದೆ. ಬಿಟ್‌ಕಾಯಿನ್‌ನಂಥ ಪುಸ್ತಕದಲ್ಲಿ ಮುಖ್ಯವಾಗಿ ಹಣದ ವರ್ಗಾವಣೆ ಬರೆದಿಡುತ್ತಾರೆ. ಇಲ್ಲಿ ಕವಿತೆ, ಅಡುಗೆ ವಿಧಾನ, ಪ್ರವಾಸ ಕಥನ, ಅದಕ್ಕೆ ಬಂದ ಪ್ರತಿಕ್ರಿಯೆ, ಬಿದ್ದ ಮತ ಎಲ್ಲವನ್ನೂ ಬರೆದಿಡುತ್ತಾರೆ. ಬರೆದದ್ದನ್ನು ತಿದ್ದಬಹುದು, ಆದರೆ ಮೊದಲು ಏನಿತ್ತು ಎಂಬುದೂ ಹಳೆಯ ಪುಟದಲ್ಲಿ ಉಳಿದೇ ಇರುತ್ತದೆ.

ದಿನವೂ ಇಷ್ಟು ಎಂದು ಹೊಸ ನಾಣ್ಯಗಳು ಹುಟ್ಟುತ್ತವೆ. ಅದರ ಒಂದು ಪಾಲು ಬರಹಗಳಿಗೆಂದೇ ಮೀಸಲು. ಯಾವ ಬರಹಕ್ಕೆ ಎಷ್ಟು ಎಂಬುದನ್ನು ಓದುಗರ ಮತ ತೀರ್ಮಾನಿಸುತ್ತದೆ. ಈ ಹಣ ಜಾಹೀರಾತಿನದಲ್ಲ, ಚಂದಾದ್ದೂ ಅಲ್ಲ. 2016ರ ಜುಲೈ 4ರಂದು ಮೊದಲ ಪಾವತಿ ನಡೆದಾಗ ಒಂದೊಂದು ಬರಹಕ್ಕೆ ಸಾವಿರಾರು ಡಾಲರ್ ಬಂದದ್ದನ್ನು ಕಂಡು ಜನ ಮುಗಿಬಿದ್ದರು.

ಒಬ್ಬರಿಗೆ ಒಂದು ಮತ ಎಂದುಕೊಂಡರೆ ತಪ್ಪು. ಯಾರು ಎಷ್ಟು ನಾಣ್ಯವನ್ನು ಬೀಗ ಹಾಕಿ ಇಟ್ಟಿದ್ದಾರೋ ಅವರ ಮತಕ್ಕೆ ಅಷ್ಟು ತೂಕ. ಊರ ಸಭೆಯಲ್ಲಿ ತಲೆಗೊಂದು ಕೈ ಎತ್ತುವ ಬದಲು ಜಮೀನಿನ ಎಕರೆಗೊಂದು ಕೈ ಎತ್ತಿದ ಹಾಗೆ. ಬಹಳ ಇದ್ದವರನ್ನು ಅಲ್ಲಿ 'ವೇಲ್' ಅಂದರೆ ತಿಮಿಂಗಿಲ ಎನ್ನುತ್ತಾರೆ. ನಡುವಿನವರು ಡಾಲ್ಫಿನ್. ಉಳಿದ ನಾವೆಲ್ಲ ಮಿನ್ನೋ, ಅಂದರೆ ಪುಡಿಮೀನು. ನೂರು ಪುಡಿಮೀನುಗಳು ಮೆಚ್ಚಿದ ಕಥೆಗೆ ಮೂರು ಕಾಸು ಬರಬಹುದು. ಒಂದು ತಿಮಿಂಗಿಲ ನಿದ್ದೆಗಣ್ಣಲ್ಲಿ ಒತ್ತಿದ ಗುಂಡಿಗೆ ಮೂರು ಸಾವಿರ ರೂಪಾಯಿ ಬರಬಹುದು.

ಮತ ಅಕ್ಷಯಪಾತ್ರೆಯೂ ಅಲ್ಲ. ಪೂರ್ತಿ ಬಲದ ಒಂದು ಮತ ಹಾಕಿದರೆ ಶಕ್ತಿಯಲ್ಲಿ ಶೇ 2 ಇಳಿಯುತ್ತದೆ, ದಿನಕ್ಕೆ ಶೇ 20ರಂತೆ ಮತ್ತೆ ತುಂಬಿಕೊಳ್ಳುತ್ತದೆ. ಅಲ್ಲಿಗೆ ದಿನಕ್ಕೆ ಹತ್ತು ಮತ. ಮೊದಲು ನಲವತ್ತಿತ್ತು, 2017ರ ಜೂನ್‌ನಲ್ಲಿ ಹತ್ತಕ್ಕಿಳಿಸಿದರು. ಹತ್ತನ್ನು ಯಾವುದಕ್ಕೆ ಹಾಕುವುದು? ಯಾವ ಪುರವಣಿಯ ಸಂಪಾದಕರನ್ನೇ ಕೇಳಿ, ಅವರ ಮೇಜಿನ ಮೇಲೂ ಇದೇ ಲೆಕ್ಕ ಇರುತ್ತದೆ: ಬಂದದ್ದು ನೂರು, ಜಾಗ ಇರುವುದು ಹತ್ತಕ್ಕೆ.

ಕೇನ್ಸ್ ಮೊದಲೇ ಹೇಳಿದ್ದು

ಬರೆದವರಿಗೆ ಹಣ ಕೊಡುವುದು ಹೊಸದೇನಲ್ಲ. ಸ್ಟೀಮ್ ಮಾಡಿದ ವಿಚಿತ್ರ ಎಂದರೆ ಆರಿಸಿದವರಿಗೂ ಕೊಟ್ಟದ್ದು. ಬರಹಕ್ಕೆ ಬಂದ ಮೊತ್ತದಲ್ಲಿ ಮುಕ್ಕಾಲು ಪಾಲು ಬರೆದವರಿಗೆ, ಕಾಲು ಪಾಲು ಮತ ಹಾಕಿದವರಿಗೆ. ಈ ಕಾಲು ಪಾಲಿನ ಹೆಸರು 'ಕ್ಯುರೇಶನ್' ಸಂಭಾವನೆ. ಹಾಗೆ ಆರಿಸುವವರು ಕ್ಯುರೇಟರ್. ಅದರೊಳಗೂ ಒಂದು ಸುಳಿ ಇತ್ತು: ಮೊದಲು ಮತ ಹಾಕಿದವರಿಗೆ ಹೆಚ್ಚು, ಆಮೇಲೆ ಬಂದವರಿಗೆ ಕಡಿಮೆ. ಯಾರೂ ನೋಡದ ಬರಹವನ್ನು ಮೊದಲು ಕಂಡುಹಿಡಿದವನಿಗೆ ಬಹುಮಾನ ಸಿಗಲಿ ಎಂಬುದು ಉದ್ದೇಶ. ಕಾಗದದ ಮೇಲೆ ಚೆಂದವಾಗಿಯೇ ಕಾಣುತ್ತದೆ.

ಇದರ ತಲೆಬರಹವನ್ನು ಅರ್ಥಶಾಸ್ತ್ರಜ್ಞ ಜಾನ್ ಮೇನಾರ್ಡ್ ಕೇನ್ಸ್ 1936ರಲ್ಲೇ ಬರೆದಿಟ್ಟಿದ್ದ. ಷೇರುಪೇಟೆಯನ್ನು ವಿವರಿಸಲು ಅವನು ಕೊಟ್ಟ ಉದಾಹರಣೆ ಪತ್ರಿಕೆಯೊಂದರ ಸ್ಪರ್ಧೆಯದು. ನೂರು ಫೋಟೊ ಹಾಕಿ, ಅತಿ ಚೆಲುವಾದ ಆರು ಮುಖ ಆರಿಸಿ ಎನ್ನುತ್ತಾರೆ. ಒಟ್ಟು ಸ್ಪರ್ಧಿಗಳ ಸರಾಸರಿ ಆಯ್ಕೆಗೆ ಯಾರ ಆಯ್ಕೆ ಹತ್ತಿರವೋ ಅವರಿಗೆ ಬಹುಮಾನ. ಆಗ ಬುದ್ಧಿವಂತ ತನಗೆ ಚೆಂದ ಕಂಡ ಮುಖವನ್ನು ಆರಿಸುವುದಿಲ್ಲ, ಬೇರೆಯವರು ಯಾವುದನ್ನು ಆರಿಸಬಹುದು ಎಂದು ಎಣಿಸುತ್ತಾನೆ. ಇನ್ನೂ ಬುದ್ಧಿವಂತ, ಬೇರೆಯವರು ಬೇರೆಯವರ ಬಗ್ಗೆ ಏನು ಎಣಿಸುತ್ತಿದ್ದಾರೆ ಎಂದು ಎಣಿಸುತ್ತಾನೆ. ಮುಖಗಳನ್ನು ನೋಡುವವರೇ ಇರುವುದಿಲ್ಲ.

ಸ್ಟೀಮ್‌ನಲ್ಲೂ ಅದೇ ಆಯಿತು. ಯಾರ ಬರಹಕ್ಕೆ ತಿಮಿಂಗಿಲಗಳು ದಿನವೂ ಮತ ಹಾಕುತ್ತವೆ ಎಂಬುದು ಲೆಕ್ಕದ ಪುಸ್ತಕದಲ್ಲಿ ಬಯಲಾಗಿಯೇ ಇದೆ. ಹಾಗಿದ್ದ ಮೇಲೆ ಅವರು ಬರೆದ ಕೂಡಲೇ, ಏನು ಬರೆದಿದ್ದಾರೆ ಎಂದು ನೋಡದೆ, ಮೊದಲ ಮತ ನನ್ನದಾದರೆ ಸಾಕು. ಈ ಕೆಲಸಕ್ಕೆ ಮನುಷ್ಯ ಯಾಕೆ? ಹೆಸರುಗಳ ಪಟ್ಟಿ ಕೊಟ್ಟು ಒಂದು ಬಾಟ್, ಅಂದರೆ ತಾನೇ ಕೆಲಸ ಮಾಡುವ ತಂತ್ರಾಂಶ, ಕೂರಿಸಿದರೆ ಯಜಮಾನ ಮಲಗಿದ್ದಾಗಲೂ ಅದು ಮತ ಹಾಕುತ್ತಿರುತ್ತದೆ.

ಇದು ಆಗುತ್ತದೆಂದು ಕಟ್ಟಿದವರಿಗೂ ಗೊತ್ತಿತ್ತು. ಹಾಗಾಗಿ ಒಂದು ತಡೆ ಇಟ್ಟಿದ್ದರು. ಬರಹ ಪ್ರಕಟವಾಗಿ 30 ನಿಮಿಷದೊಳಗೆ ಮತ ಹಾಕಿದರೆ ಕ್ಯುರೇಟರ್ ಪಾಲಿನಲ್ಲಿ ಕಡಿತ. ಹದಿನೈದನೇ ನಿಮಿಷಕ್ಕೆ ಹಾಕಿದರೆ ಅರ್ಧ, ಮೊದಲ ಕ್ಷಣಕ್ಕೇ ಹಾಕಿದರೆ ಸೊನ್ನೆ. ಓದಿ ಹಾಕಲಿ ಎಂಬ ಆಸೆ. ಬಾಟ್‌ಗಳು ಕಾದು, ಬೇರೆ ಬಾಟ್ ಯಾವಾಗ ಹಾಕುತ್ತದೆಂದು ಲೆಕ್ಕ ಹಾಕಿ, ಅದಕ್ಕಿಂತ ಕೊಂಚ ಮೊದಲು ಹಾಕುವುದನ್ನು ಕಲಿತವು. 2018ರಲ್ಲಿ ಈ ಅವಧಿ 15 ನಿಮಿಷಕ್ಕಿಳಿಯಿತು, 2019ರಲ್ಲಿ 5ಕ್ಕೆ. ಎರಡು ಸಾವಿರ ಪದದ ಲೇಖನ ಓದಲು ಹತ್ತು ನಿಮಿಷವಾದರೂ ಬೇಕು. ಐದನೇ ನಿಮಿಷಕ್ಕೆ ಮತ ಬೀಳಬೇಕೆಂದರೆ ಓದು ಎಲ್ಲಿಂದ ಬಂತು?

ಬಾಟ್ ಇಟ್ಟುಕೊಳ್ಳುವ ತಾಪತ್ರಯವೂ ಬೇಡ ಎನ್ನುವವರಿಗೆ 'ಟ್ರೇಲ್' ಇತ್ತು. ನಂಬಿಕಸ್ಥರಾದ ಒಬ್ಬರನ್ನು ಆರಿಸಿಕೊಂಡು, ಅವರು ಎಲ್ಲಿ ಮತ ಹಾಕುತ್ತಾರೋ ಅಲ್ಲಿ ನನ್ನದೂ ಬೀಳಲಿ ಎಂದು ಒಪ್ಪಿಸಿಬಿಡುವುದು. ಕುರಿಮಂದೆ ಎಂದು ನಗಬಹುದು, ನಾನೂ ಮೊದಲು ನಕ್ಕಿದ್ದೆ. ಆದರೆ ಒಳ್ಳೆಯದಾದದ್ದೂ ಈ ಟ್ರೇಲ್‌ಗಳಿಂದಲೇ. ಮುಂದಿರುವವನು ನಿಜವಾಗಿ ಓದುವವನಾಗಿದ್ದರೆ ಹಿಂದಿನ ಮಂದೆ ಅವನ ಓದಿಗೆ ಬಲವಾಗುತ್ತದೆ.

ಹುಡುಕುವವರು

2016ರಲ್ಲೇ ಹುಟ್ಟಿದ 'ಕ್ಯೂರಿ' ಎಂಬ ಗುಂಪು ಇದನ್ನು ಅರ್ಥಮಾಡಿಕೊಂಡಿತ್ತು. ಅದರ ಕೆಲಸ ಒಂದೇ: ಚೆನ್ನಾಗಿ ಬರೆದೂ ಯಾರ ಕಣ್ಣಿಗೂ ಬೀಳದ ಹೊಸಬರನ್ನು ಹುಡುಕುವುದು. ಲೋಕದ ನಾನಾ ಕಡೆಯ ಕ್ಯುರೇಟರ್‌ಗಳು 'ಹೊಸತು' ಎಂಬ ಪುಟವನ್ನು ಜಾಲಾಡುತ್ತಿದ್ದರು. ಸಿಕ್ಕದ್ದನ್ನು ಪರಿಶೀಲಕರಿಗೆ ಕಳಿಸುತ್ತಿದ್ದರು. ಅವರು ಒಪ್ಪಿದರೆ ಕ್ಯೂರಿಯ ದೊಡ್ಡ ಮತ, ಅದರ ಹಿಂದೆ ಟ್ರೇಲ್‌ನ ಮತಗಳು ಸರತಿಯಾಗಿ ಬೀಳುತ್ತಿದ್ದವು. ಹುಡುಕಿ ಕೊಟ್ಟವರಿಗೂ ಒಂದು ಪಾಲು. ಆಗಲೇ ಹೆಸರು ಮಾಡಿದವರಿಗೆ, ಆಗಲೇ ಹಣ ಬಂದ ಬರಹಕ್ಕೆ ಅಲ್ಲಿ ಪ್ರವೇಶವಿರಲಿಲ್ಲ. ಮೂವತ್ತು ಸೆಂಟು ಎಂದು ತೋರಿಸುತ್ತಿದ್ದ ಬರಹ ಬೆಳಗಾಗುವುದರೊಳಗೆ ನೂರಿನ ಗಡಿ ದಾಟಬಹುದಿತ್ತು.

'ಹೊಸತು' ಪುಟ ಎಂದರೆ ಏನೆಂದು ಊಹಿಸಬೇಕಾದರೆ ಭಾನುವಾರ ಮಧ್ಯಾಹ್ನದ ಕೆ.ಆರ್. ಮಾರುಕಟ್ಟೆಯಲ್ಲಿ ಒಂದು ಸೂಜಿ ಬಿದ್ದಿದೆ ಎಂದುಕೊಳ್ಳಿ. ಸೆಕೆಂಡುಗಳ ಅಂತರದಲ್ಲಿ ಬರಹಗಳು ಉದುರುತ್ತವೆ. ಅರ್ಧಕ್ಕರ್ಧ ಬೇರೆಲ್ಲಿಂದಲೋ ಎತ್ತಿದ ಚಿತ್ರ, ಒಂದು ಸುಭಾಷಿತ, ನಾಣ್ಯದ ದರದ ಗ್ರಾಫು, ಊಟದ ತಟ್ಟೆಯ ಫೋಟೊ. ಪ್ರತಿಕ್ರಿಯೆಗಳಲ್ಲಿ, ಬಹಳ ಚೆನ್ನಾಗಿದೆ, ನನ್ನನ್ನೂ ಫಾಲೋ ಮಾಡಿ ಎಂಬ ಒಂದೇ ಮಂತ್ರ. ಅದೂ ಅಪ್ಪ ತೀರಿಕೊಂಡ ದುಃಖವನ್ನು ಯಾರೋ ಬರೆದುಕೊಂಡದ್ದರ ಕೆಳಗೆ.

ಇದರ ನಡುವೆ ಒಳ್ಳೆಯದನ್ನು ಹಿಡಿಯಲು ಅನುಭವಿ ಕ್ಯುರೇಟರ್‌ಗಳು ರೂಢಿಸಿಕೊಂಡ ಉಪಾಯಗಳು ಯಾವ ಸಂಪಾದಕರಿಗೂ ಹೊಸದೆನಿಸವು. ಚಿತ್ರ ಬರೆದವರದೇ ಹೌದೇ ಎಂದು ಚಿತ್ರಶೋಧದಲ್ಲಿ ಹಾಕಿ ನೋಡುವುದು. ನಡುವಿನ ಒಂದು ವಾಕ್ಯವನ್ನು ಹಾಗೇ ಎತ್ತಿ ಗೂಗಲ್‌ಗೆ ಕೊಡುವುದು; ಮೊದಲ ವಾಕ್ಯ ಬೇಡ, ಕದಿಯುವವರು ತಿದ್ದುವುದು ಅದನ್ನೇ. ತಪ್ಪು ಇಂಗ್ಲಿಷಿನಲ್ಲಿ ಬರೆಯುತ್ತಿದ್ದವರು ಒಂದು ದಿನ ಇದ್ದಕ್ಕಿದ್ದಂತೆ ನಿರ್ದೋಷವಾಗಿ ಬರೆದರೆ ಅನುಮಾನ. ಬರೆದವರು ತಮಗೆ ಬಂದ ಪ್ರತಿಕ್ರಿಯೆಗಳಿಗೆ ಉತ್ತರ ಕೊಡುತ್ತಾರೆಯೇ, ಬೇರೆಯವರದನ್ನು ಓದುತ್ತಾರೆಯೇ, ಹತ್ತೂ ಮತ ತಮಗೇ ಹಾಕಿಕೊಳ್ಳುತ್ತಾರೆಯೇ – ಇದೆಲ್ಲ ಬಯಲಲ್ಲಿರುವುದು ಇಲ್ಲಿನ ಅನುಕೂಲ. ಪತ್ರಿಕೆಗೆ ಕವಿತೆ ಕಳಿಸಿದವರು ಬೇರೆಯವರ ಕವಿತೆ ಓದುತ್ತಾರೆಯೇ ಎಂದು ತಿಳಿಯುವ ಭಾಗ್ಯ ನಮ್ಮ ಸಂಪಾದಕರಿಗೆ ಎಲ್ಲಿದೆ!

ಕಳ್ಳಪ್ರತಿ ಹಿಡಿಯಲು 'ಚೀತಾ' ಎಂಬ ಬಾಟ್ ಕೂಡ ಇತ್ತು. ಅದರ ಸೌಜನ್ಯ ಮೆಚ್ಚತಕ್ಕದ್ದು. ಎಲ್ಲಿಂದಲೋ ಎತ್ತಿದ ಬರಹ ಕಂಡರೆ ಕೆಳಗೆ ಬಂದು, ನಾನೊಂದು ರೋಬಾಟ್, ಇದೇ ಥರದ ಬರಹ ಇಲ್ಲಿಯೂ ಇದೆ, ಓದುಗರಿಗೆ ಆಸಕ್ತಿ ಇರಬಹುದು ಎಂದು ಕೊಂಡಿ ಇಟ್ಟು ಹೋಗುತ್ತಿತ್ತು. ಕಳ್ಳ ಎಂಬ ಮಾತೇ ಇಲ್ಲ. ಅದರ ಜೊತೆಗೆ ಸ್ಟೀಮ್‌ಕ್ಲೀನರ್ಸ್ ಎಂಬ ಮನುಷ್ಯರ ತಂಡವಿತ್ತು, ಅವರು ಇಷ್ಟು ನಯವಾಗಿರುತ್ತಿರಲಿಲ್ಲ. ಡೌನ್‌ವೋಟ್, ಅಂದರೆ ವಿರುದ್ಧ ಮತ, ಹಾಕಿ ಬಂದ ಹಣವನ್ನು ಹುಂಡಿಗೆ ಮರಳಿಸುತ್ತಿದ್ದರು. ಬುಟ್ಟಿಯ ಏಡಿಗಳು ಹೇಳಿದ ಕೆಲಸ ಮಾಡಿದ್ದು ಇಲ್ಲಿ.

ವಿಷಯಕ್ಕೊಂದರಂತೆ ಗುಂಪುಗಳೂ ಬೆಳೆದವು. ವಿಜ್ಞಾನ ಬರಹಗಳಿಗೆ 'ಸ್ಟೀಮ್‌ಸ್ಟೆಮ್' ಇತ್ತು; ವಿಷಯ ಬಲ್ಲವರು ಓದಿ, ಆಕರ ಕೊಟ್ಟಿದ್ದಾರೆಯೇ ಎಂದು ನೋಡಿ ಮತ ಹಾಕುತ್ತಿದ್ದರು. 2017ರಲ್ಲಿ ಬಂದ 'ಯುಟೋಪಿಯನ್' ಮುಕ್ತ ತಂತ್ರಾಂಶದ ಕೆಲಸಗಾರರಿಗೆ ಮೀಸಲು: ಕೋಡ್ ಬರೆದವರು, ದೋಷ ಹುಡುಕಿದವರು, ತಂತ್ರಾಂಶದ ಪದಗಳನ್ನು ಬೇರೆ ಭಾಷೆಗೆ ತಂದವರು. ಪರಿಶೀಲಕರು ಪ್ರಶ್ನಾವಳಿ ಇಟ್ಟುಕೊಂಡು ಅಂಕ ಕೊಡುತ್ತಿದ್ದರು, ಅಂಕಕ್ಕೆ ತಕ್ಕಂತೆ ಮತದ ಬಲ. ನಮ್ಮ ಪರೀಕ್ಷಾ ಮಂಡಳಿಯ ಮೌಲ್ಯಮಾಪನ ಕೇಂದ್ರ ನೆನಪಾಗುವಂಥ ವ್ಯವಸ್ಥೆ. 'ಓಸಿಡಿ' ಎಂಬ ಗುಂಪು ಕಂಡುಹಿಡಿದ ಬರಹಗಳನ್ನು ಒಟ್ಟು ಮಾಡಿ, ಯಾಕೆ ಓದಬೇಕು ಎಂದು ನಾಲ್ಕು ಸಾಲು ಬರೆದು ಸಂಕಲನಗಳನ್ನು ಪ್ರಕಟಿಸುತ್ತಿತ್ತು.

ಈ ನಾಲ್ಕು ಸಾಲಿನ ಬಗ್ಗೆ ಒಂದು ಮಾತು. 1956ರಲ್ಲಿ ಹುಬ್ಬಳ್ಳಿಯಿಂದ 'ಕಸ್ತೂರಿ' ಹೊರಟಾಗ ಕನ್ನಡದಲ್ಲಿ ಡೈಜೆಸ್ಟ್ ಎಂಬುದು ಹೊಸ ಬಗೆ. ಪಾ.ವೆಂ. ಆಚಾರ್ಯರಂಥವರು ಎಲ್ಲೆಲ್ಲಿಂದಲೋ ಓದಿ, ಆರಿಸಿ, ಸಂಗ್ರಹಿಸಿ, ಕನ್ನಡಕ್ಕೆ ಒಗ್ಗಿಸಿ ಕೊಟ್ಟರು. ಆ ಪತ್ರಿಕೆ ಬಂದ ಮನೆಗಳಲ್ಲಿ ಲೇಖಕರ ಹೆಸರು ಮರೆತರೂ 'ಕಸ್ತೂರಿಯಲ್ಲಿ ಬಂದಿತ್ತು' ಎಂಬುದು ಮರೆಯುತ್ತಿರಲಿಲ್ಲ. ಆರಿಸಿದವರ ಮೇಲಿನ ನಂಬಿಕೆ ಅದು. ಸಂಪಾದಕನೇ ಇಲ್ಲದ ಲೋಕ ಕಟ್ಟುತ್ತೇವೆಂದು ಹೊರಟ ಸ್ಟೀಮ್‌ನಲ್ಲಿ ಕೆಲವೇ ತಿಂಗಳಲ್ಲಿ ಸಂಪಾದಕರು ಬೇರೆ ಬೇರೆ ಹೆಸರಿನಲ್ಲಿ ಮರಳಿ ಬಂದಿದ್ದರು. ಗಣಿತ ಅವರನ್ನು ಕರೆದಿರಲಿಲ್ಲ. ಓದದೆ ಹಾಕಿದ ಮತಗಳ ರಾಶಿಯೇ ಅವರನ್ನು ಅನಿವಾರ್ಯ ಮಾಡಿತು.

ಸಂಪಾದಕರು ಬಂದ ಮೇಲೆ ಸಂಪಾದಕರನ್ನು ಮೆಚ್ಚಿಸುವ ಬರವಣಿಗೆಯೂ ಬರಬೇಕಲ್ಲ? ಬಂತು. ಕ್ಯುರೇಟರ್‌ಗಳಿಗೆ ಉದ್ದ ಬರಹ ಇಷ್ಟ ಎಂದು ಗೊತ್ತಾದದ್ದೇ ತಡ, ಎಲ್ಲ ಬರಹಗಳೂ ಉದ್ದವಾದವು. ಸ್ವಂತ ಫೋಟೊ ಇರಬೇಕು ಎಂದರೆ ಒಂದು ದೋಸೆಗೆ ಹನ್ನೆರಡು ಫೋಟೊ. ಪ್ಯಾರಾಗಳ ನಡುವೆ ಬಣ್ಣಬಣ್ಣದ ಪಟ್ಟಿ, ಕೊನೆಗೆ ಮಿನುಗುವ ಸಹಿ. ಇದರಲ್ಲಿ ಬರೆದವರ ತಪ್ಪೇನೂ ಇಲ್ಲ. ಸಾಹಿತ್ಯ ಸ್ಪರ್ಧೆಗೆಂದೇ ಬರೆದ ಕಥೆಗಳನ್ನು ಮೂಸಿ ನೋಡಿದರೆ ಗೊತ್ತಾಗುವ ಒಂದು ವಾಸನೆ ಇರುತ್ತದಲ್ಲ, ಅದೇ ಇದು.

ಮತದ ಅಂಗಡಿ

2017ರ ಹೊತ್ತಿಗೆ ತನ್ನ ಮತದ ಬಲವನ್ನು ಬೇರೆಯವರಿಗೆ ಕಡ ಕೊಡುವ ಅವಕಾಶ ಬಂತು. ಹೊಸಬರಿಗೆ ಕೈಹಿಡಿಯಲೆಂದು ಮಾಡಿದ ಸೌಲಭ್ಯ. ಆದರೆ ಕಡ ಕೊಡಬಹುದಾದದ್ದನ್ನು ಬಾಡಿಗೆಗೂ ಕೊಡಬಹುದು. 'ಬಿಡ್ ಬಾಟ್' ಎಂಬ ಅಂಗಡಿಗಳು ತೆರೆದವು.

ವ್ಯಾಪಾರ ಹೀಗೆ. ಒಂದು ಬಾಟ್ ಪೂರ್ತಿ ಬಲದ ಮತ ಹಾಕಿ, ಕಳಕೊಂಡ ಶೇ 2 ತುಂಬಿಕೊಳ್ಳಲು 2.4 ಗಂಟೆ ಬೇಕು. ಆದ್ದರಿಂದ 2.4 ಗಂಟೆಗೊಂದು ಸುತ್ತು. ಆ ಸುತ್ತಿನಲ್ಲಿ ಯಾರು ಎಷ್ಟು ಹಣ ಕಳಿಸಿದರೋ ಅದರ ಪ್ರಮಾಣದಲ್ಲಿ ಮತ ಹಂಚಿಕೆ. ಹತ್ತು ಕೊಟ್ಟರೆ ಹನ್ನೊಂದರ ಮತ ಬರುತ್ತದೆ ಎಂದಾದರೆ ಬರೆದದ್ದು ಏನಾದರೇನು? ಬಲ ಬಾಡಿಗೆಗೆ ಕೊಟ್ಟ ತಿಮಿಂಗಿಲಕ್ಕೆ ಕೂತಲ್ಲೇ ವರಮಾನ. ಓದಿ ಆರಿಸುವ ದೊಡ್ಡವನಿಗೆ ಬರುವುದಕ್ಕಿಂತ ಓದದೆ ಮಾರುವ ದೊಡ್ಡವನಿಗೆ ಹೆಚ್ಚು ಬರತೊಡಗಿದಾಗ ಓದುವವರು ಒಬ್ಬೊಬ್ಬರೇ ಎದ್ದು ಹೋದರು. 'ಟ್ರೆಂಡಿಂಗ್' ಎಂಬ ಮೊದಲ ಪುಟ ಹಣ ಕೊಟ್ಟು ಹಾಕಿಸಿಕೊಂಡ ಜಾಹೀರಾತಿನ ಗೋಡೆಯಾಯಿತು. 2018ರ ಜನವರಿಯಲ್ಲಿ ಒಂದು ಸ್ಟೀಮ್ ನಾಣ್ಯ 8 ಡಾಲರ್ ಮುಟ್ಟಿತ್ತು. ಆ ಮತ್ತಿನಲ್ಲಿ ಯಾರಿಗೂ ಇದು ದೊಡ್ಡದೆನಿಸಲಿಲ್ಲ. ಅದೇ ವರ್ಷದ ನವೆಂಬರ್‌ನಲ್ಲಿ ಸ್ಟೀಮಿಟ್ ಕಂಪನಿ ತನ್ನ ಶೇ 70ಕ್ಕೂ ಹೆಚ್ಚು ನೌಕರರನ್ನು ಮನೆಗೆ ಕಳಿಸಬೇಕಾಯಿತು.

ಭಾರತದಲ್ಲಿ ಅಷ್ಟೊತ್ತಿಗೆ ಬೇರೆ ಬಗೆಯ ಸಂಕಟ. 2018ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕ್, ಕ್ರಿಪ್ಟೊ ವ್ಯವಹಾರಕ್ಕೆ ಬ್ಯಾಂಕುಗಳು ಸೇವೆ ಕೊಡಬಾರದೆಂದು ಸುತ್ತೋಲೆ ಹೊರಡಿಸಿತು. ಬರೆದು ಗಳಿಸಿದ ನಾಣ್ಯವನ್ನು ರೂಪಾಯಿ ಮಾಡಿಕೊಳ್ಳುವ ರಾಜಮಾರ್ಗವೇ ಮುಚ್ಚಿತು. ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿದ್ದು 2020ರ ಮಾರ್ಚ್ 4ರಂದು.

2019ರ ಆಗಸ್ಟ್‌ನ ಬದಲಾವಣೆ, ಅಲ್ಲಿನವರ ಮಾತಿನಲ್ಲಿ 'ಹಾರ್ಡ್‌ಫೋರ್ಕ್ 21', ಈ ಅಂಗಡಿಗಳ ಮೇಲೆ ಬಿದ್ದ ಮೊದಲ ನಿಜವಾದ ಪೆಟ್ಟು. ಬರೆದವರಿಗೆ ಅರ್ಧ, ಆರಿಸಿದವರಿಗೆ ಅರ್ಧ ಎಂದಾಯಿತು. ಬರೆಯುವವರು ಸಿಟ್ಟಾದರು, ಸಹಜವೇ. ನಮ್ಮ ಬೆವರಿಗೆ ಅರ್ಧ, ಗುಂಡಿ ಒತ್ತಿದವರಿಗೂ ಅರ್ಧವೇ ಎಂದು. ಆದರೆ ಮತ ಮಾರುವುದಕ್ಕಿಂತ ಒಳ್ಳೆಯ ಬರಹಕ್ಕೆ ಹಾಕುವುದೇ ಲಾಭ ಎಂದು ದೊಡ್ಡವರಿಗೆ ಅನ್ನಿಸಬೇಕಾದರೆ ಬೇರೆ ದಾರಿ ಇರಲಿಲ್ಲ. ಇದಕ್ಕಿಂತ ಪರಿಣಾಮ ಬೀರಿದ್ದು ಇನ್ನೊಂದು ತಿದ್ದುಪಡಿ. ಅಲ್ಲಿಯವರೆಗೆ ಡೌನ್‌ವೋಟ್ ಹಾಕಿದರೆ ಸ್ವಂತ ಶಕ್ತಿ ಕರಗುತ್ತಿತ್ತು, ಅಂದರೆ ಊರ ಉಪಕಾರಕ್ಕೆ ಕೈಯಿಂದ ಖರ್ಚು. ಈಗ ಅದಕ್ಕೆಂದೇ ಬೇರೆ ಬುತ್ತಿ ಕಟ್ಟಿಕೊಟ್ಟರು. ಏಡಿಗಳಿಗೆ ಕೊನೆಗೂ ಪುಕ್ಕಟೆ ಬಲ ಬಂತು. ಹಣ ಕೊಟ್ಟು ಮೇಲೇರಿದ ಬರಹಗಳ ಕಾಲು ಹಿಡಿದು ಎಳೆದವು. ಕೆಲವೇ ವಾರಗಳಲ್ಲಿ ಹಲವು ಬಿಡ್ ಬಾಟ್‌ಗಳು ಬಾಗಿಲು ಹಾಕಿದವು, ಕೆಲವು ವೇಷ ಬದಲಿಸಿ ಕ್ಯುರೇಟರ್‌ಗಳಾದವು.

ಆ ಚೇತರಿಕೆಗೆ ಆರು ತಿಂಗಳು ತುಂಬುವುದರೊಳಗೆ, 2020ರ ಫೆಬ್ರುವರಿಯಲ್ಲಿ, ಟ್ರಾನ್ ಎಂಬ ಇನ್ನೊಂದು ಬ್ಲಾಕ್‌ಚೈನಿನ ಜಸ್ಟಿನ್ ಸನ್ ಸ್ಟೀಮಿಟ್ ಕಂಪನಿಯನ್ನೇ ಕೊಂಡ. ಕಂಪನಿಯ ಕೈಯಲ್ಲಿ ಒಟ್ಟು ನಾಣ್ಯದ ಸುಮಾರು ಐದನೇ ಒಂದು ಪಾಲಿತ್ತು. ಅದನ್ನು ಆಡಳಿತದ ಮತಕ್ಕೆ ಬಳಸುವುದಿಲ್ಲ ಎಂಬ ಭರವಸೆ ಹಿಂದಿನಿಂದ ನಡೆದುಬಂದಿತ್ತು. ಹೊಸ ಯಜಮಾನ ಅದನ್ನು ಪಾಲಿಸುವನೇ ಎಂಬ ಭಯದಿಂದ ಅಲ್ಲಿನ 'ಸಾಕ್ಷಿ'ಗಳು, ಅಂದರೆ ಲೆಕ್ಕ ಬರೆಯುವ ಚುನಾಯಿತರು, ಆ ಪಾಲಿಗೆ ತಡೆ ಹಾಕಿದರು. ಮಾರ್ಚ್ 2ರಂದು ಬೈನಾನ್ಸ್, ಹುವೋಬಿ, ಪೊಲೊನಿಯೆಕ್ಸ್ ಎಂಬ ವಿನಿಮಯ ಕೇಂದ್ರಗಳು ತಮ್ಮಲ್ಲಿದ್ದ ಗ್ರಾಹಕರ ನಾಣ್ಯಗಳನ್ನೇ ಬೀಗ ಹಾಕಿ ಮತ ಚಲಾಯಿಸಿದವು. ಮೇಲಿನ 20 ಸಾಕ್ಷಿಗಳು ಒಂದೇ ದಿನಕ್ಕೆ ಮನೆ ಸೇರಿದರು. ಆ ಬೀಗ ತೆರೆಯಲು 13 ವಾರ ಬೇಕು ಎಂಬುದು ಗ್ರಾಹಕರಿಗೆ ಆಮೇಲೆ ತಿಳಿಯಿತು.

ಮಾರ್ಚ್ 20ರಂದು ಹಳಬರು ಇಡೀ ಪುಸ್ತಕವನ್ನು ನಕಲು ಮಾಡಿಕೊಂಡು, ಕಂಪನಿಯ ಪಾಲನ್ನು ಬಿಟ್ಟು, ಹೈವ್ ಎಂಬ ಹೊಸ ಮನೆ ಹೂಡಿದರು. ಒಳ್ಳೆಯ ಬರಹ ಆರಿಸುವ ಬಲವೂ ಊರಾಳುವವರನ್ನು ಆರಿಸುವ ಬಲವೂ ಒಂದೇ ನಾಣ್ಯದಿಂದ ಬರುವಾಗ ಇಂಥದ್ದು ಆಗದಿದ್ದರೇ ಆಶ್ಚರ್ಯ.

ಕುಟುಂಬ ಪಾಲಾದ ಮೇಲೆ ಎರಡೂ ಮನೆಗಳಲ್ಲಿ ಆರಿಸುವ ಪದ್ಧತಿ ಬೇರೆಯಾಯಿತು. ಸ್ಟೀಮಿಟ್‌ನಲ್ಲಿ ಕಂಪನಿಯೇ ತನ್ನ ದೊಡ್ಡ ಪಾಲನ್ನು 'ಸ್ಟೀಮ್‌ಕ್ಯುರೇಟರ್' ಎಂಬ ಹೆಸರಿನ ಖಾತೆಗಳಿಗೆ ಹಂಚಿ, ದೇಶಕ್ಕೊಬ್ಬರಂತೆ ಪ್ರತಿನಿಧಿಗಳನ್ನು ನೇಮಿಸಿತು. ಸರ್ಕಾರಿ ಅಕಾಡೆಮಿಗಳ ರೀತಿ. ಹೈವ್‌ನಲ್ಲಿ ಹಳೆಯ ಗುಂಪುಗಳೇ ಮುಂದುವರಿದವು. 2021ರ ಜೂನ್ 30ರಂದು ಅಲ್ಲಿ ನಡೆದ ಒಂದು ತಿದ್ದುಪಡಿಯನ್ನು ನಾನು ಮಿಕ್ಕೆಲ್ಲದಕ್ಕಿಂತ ಮುಖ್ಯ ಎಂದುಕೊಳ್ಳುತ್ತೇನೆ: ಐದು ನಿಮಿಷದ ಓಟ ರದ್ದಾಯಿತು. ಮೊದಲ 24 ಗಂಟೆಯಲ್ಲಿ ಯಾವಾಗ ಮತ ಹಾಕಿದರೂ ಆರಿಸಿದವರಿಗೆ ಒಂದೇ ಲೆಕ್ಕ. ಆಮೇಲೆ 72 ಗಂಟೆಯವರೆಗೆ ಅರ್ಧ, ಅದೂ ದಾಟಿದರೆ ಎಂಟರಲ್ಲಿ ಒಂದು ಭಾಗ. ಕೇನ್ಸನ ಸ್ಪರ್ಧೆ ಮುಗಿಯಿತು. ಕಾಫಿ ಕುಡಿಯುತ್ತ ಸಾವಕಾಶ ಓದಿ ಮತ ಹಾಕಬಹುದು. ಹಾಗೆಂದು ಬಾಟ್‌ಗಳೇನೂ ಮಾಯವಾಗಲಿಲ್ಲ. ಓದದೆ ಹಾಕಿದವನಿಗೂ ಓದಿದವನಷ್ಟೇ ಬರುತ್ತದೆ ಎಂದಾದರೆ ಸೋಮಾರಿಗೆ ಅದಕ್ಕಿಂತ ಇನ್ನೇನು ಬೇಕು? ಓದಬೇಕೆಂದು ಇದ್ದವರಿಗೆ ಮಾತ್ರ ನಷ್ಟ ತಪ್ಪಿತು.

ಯಾವ ಭಾಷೆಯಲ್ಲಿ ಚೆನ್ನ?

ಗುಣಮಟ್ಟದ ಮಾತು ಬಂದಾಗಲೆಲ್ಲ ಅಲ್ಲಿ ಯಾರೂ ಜೋರಾಗಿ ಹೇಳದ ಒಂದು ಪ್ರಶ್ನೆ ಇದೆ: ಓದುವವರಿಗೆ ಆ ಭಾಷೆ ಬರಬೇಕಲ್ಲ. ಬಲ ಇರುವವರಿಗೆ ಬರುವುದು ಬಹುಪಾಲು ಇಂಗ್ಲಿಷ್. ಸ್ಟೀಮ್‌ನಲ್ಲಿ ಕೊರಿಯನ್ನರು ಗಟ್ಟಿಯಾಗಿ ಬೇರೂರಿದ್ದರು, ಯಾಕೆಂದರೆ ಅವರಲ್ಲಿ ಬರೆಯುವವರ ಜೊತೆಗೆ ನಾಣ್ಯ ಇಟ್ಟುಕೊಂಡವರೂ ಇದ್ದರು. ಹೈವ್‌ನಲ್ಲಿ ಸ್ಪ್ಯಾನಿಷ್ ದೊಡ್ಡ ಸಮುದಾಯ, ಅದರಲ್ಲೂ ವೆನೆಜುವೆಲಾದವರು. ತಮ್ಮ ದೇಶದ ಬೊಲಿವಾರ್ ಕಾಗದದ ಚೂರಾದ ವರ್ಷಗಳಲ್ಲಿ ಒಂದು ಬರಹಕ್ಕೆ ಬರುವ ಎರಡು ಮೂರು ಡಾಲರ್ ಅವರಿಗೆ ವಾರದ ದಿನಸಿಯಾಗಿತ್ತು. ನ್ಯೂಯಾರ್ಕಿನವನು ಹವ್ಯಾಸಕ್ಕೆ ಬರೆದದ್ದನ್ನೂ ಮರಕೈಬೊದವಳು ಒಲೆ ಹೊತ್ತಿಸಲು ಬರೆದದ್ದನ್ನೂ ಕ್ಯುರೇಟರ್ ಒಂದೇ ತಕ್ಕಡಿಯಲ್ಲಿ ತೂಗಬೇಕೇ? ಚೆನ್ನಾಗಿ ಬರೆದವರಿಗೆ ಕೊಡಬೇಕೋ, ಬೇಕಾದವರಿಗೆ ಕೊಡಬೇಕೋ? ಅವರಲ್ಲಿ ಹಲವರು ಸ್ಪ್ಯಾನಿಷಿನಲ್ಲಿ ಬರೆದು ಕೆಳಗೆ ಯಂತ್ರಾನುವಾದದ ಇಂಗ್ಲಿಷ್ ಅಂಟಿಸುತ್ತಾರೆ. ಕ್ಯುರೇಟರ್ ಮತ ಹಾಕುವುದು ಆ ಕುಂಟು ಅನುವಾದ ಓದಿ.

ಕನ್ನಡದಲ್ಲಿ ಅಲ್ಲಿ ಒಂದು ಅಪ್ಪಟ ಲಲಿತ ಪ್ರಬಂಧ ಬರೆದು ಹಾಕಿದರೆ ಏನಾದೀತು ಎಂದು ಯೋಚಿಸಿದ್ದೇನೆ. ಬ್ಲಾಕ್‌ಚೈನ್ ಅದನ್ನು ಜೋಪಾನವಾಗಿ ಕಾಯುತ್ತದೆ, ಒಂದಕ್ಷರ ಕೆಡುವುದಿಲ್ಲ. ಕಾಯುವುದಕ್ಕೂ ಓದುವುದಕ್ಕೂ ಸಂಬಂಧ ಇಲ್ಲವಷ್ಟೆ. ನಾಲ್ಕು ಕನ್ನಡಿಗರು ಓದಿ ಮೆಚ್ಚಿದರೂ ಅವರ ನಾಲ್ಕು ಪುಡಿಮೀನಿನ ಮತಕ್ಕೆ ಬರುವುದು ಪೈಸೆ ಲೆಕ್ಕ. ಬಂದ ಪೈಸೆಯನ್ನು ಮಾರಿ ಲಾಭ ಮಾಡಿಕೊಂಡರೆ 2022ರಿಂದ ಅದಕ್ಕೂ ಶೇ 30 ತೆರಿಗೆ.

ಇತ್ತೀಚಿನ ತೊಂದರೆ ಚೀತಾನಿಗೂ ಹಿಡಿಯಲಾಗದಂಥದ್ದು. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಕದಿಯದೆಯೂ ಬರೆಯದೆಯೂ ಬರಹ ಮಾಡಬಹುದು. ಹೋಲಿಸಿ ನೋಡಲು ಮೂಲವೇ ಇಲ್ಲ. ಇಂಗ್ಲಿಷ್ ನಿರ್ದೋಷ, ಹರಿವು ಸಲೀಸು, ಶೀರ್ಷಿಕೆ ಉಪಶೀರ್ಷಿಕೆ ಕ್ರಮಬದ್ಧ. ಎಷ್ಟೋ ವರ್ಷ ಕ್ಯುರೇಟರ್‌ಗಳು ಗುಣಮಟ್ಟದ ಗುರುತು ಎಂದು ಹುಡುಕಿದ್ದು ಇವನ್ನೇ. ಈಗ ಅವೇ ಅನುಮಾನದ ಗುರುತು. ಹಾಗಾಗಿ ಅವರು ತಿರುಗಿ ತಪ್ಪುಗಳ ಕಡೆ ನೋಡುತ್ತಿದ್ದಾರೆ: ವಕ್ರವಾದ ಒಂದು ವಾಕ್ಯ, ಬೇರೆ ಯಾರಿಗೂ ಗೊತ್ತಿರಲಾರದ ಒಂದು ಬೀದಿಯ ವಿವರ, ಸೀದ ಬಾಣಲೆಯ ಫೋಟೊ.

ಹೈವ್‌ನಲ್ಲಾಗಲಿ ಸ್ಟೀಮ್‌ನಲ್ಲಾಗಲಿ 2017ರಿಂದ ಬದಲಾಗದೆ ಉಳಿದದ್ದು ಏಳು ದಿನದ ಗಡುವು. ಪ್ರಕಟವಾದ ಏಳನೇ ದಿನಕ್ಕೆ ಹಣ ಪಾವತಿ, ಆಮೇಲೆ ಆ ಬರಹಕ್ಕೆ ಚಿಕ್ಕಾಸೂ ಇಲ್ಲ. ಪಠ್ಯ ಶಾಶ್ವತ, ಬೆಲೆ ಮಾತ್ರ ಒಂದು ವಾರ. ಪುಸ್ತಕದ ಅಂಗಡಿಯಲ್ಲಿ ಮೂವತ್ತು ವರ್ಷ ಮಾರಾಟವಾಗುವ ಬರಹಕ್ಕೂ ನಾಳೆ ಹಳಸುವ ಸುದ್ದಿಗೂ ಅಲ್ಲಿ ಆಯುಷ್ಯ ಒಂದೇ.

ಗಡುವು ಮುಗಿದ ಬರಹಕ್ಕೂ ಮತ ಹಾಕಬಹುದು ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ಗುಂಡಿ ಒತ್ತಿದರೆ ಮತ ದಾಖಲಾಗುತ್ತದೆ. ಬರೆದವರಿಗೆ ಏನೂ ಸಿಗದು, ಹಾಕಿದವರಿಗೂ ಏನೂ ಸಿಗದು. 2016ರ, 2017ರ ಹಳೆಯ ಪುಟಗಳಲ್ಲಿ ನಾಲ್ಕೈದು ವರ್ಷ ಬಿಟ್ಟು ಬಿದ್ದ ಇಂಥ ಮತಗಳು ಅಲ್ಲೊಂದು ಇಲ್ಲೊಂದು ಕಣ್ಣಿಗೆ ಬೀಳುತ್ತವೆ. ಆ ಪುಟಗಳ ಕಡೆ ಬಾಟ್‌ಗಳು ಸುಳಿಯುವುದಿಲ್ಲ.